ಮರಿ ಒಪ್ಪಿಸುವ ಭರಮವ್ವ

ಕೌಜಲಗಿಯ ಭರಮವ್ವ ಕುರಿಗೆ ಮರಿ ಒಪ್ಪಿಸುವುದರಲ್ಲಿ ಎತ್ತಿದ ಕೈ. ತಾಯಿ ಸತ್ತ ಮರಿಯನ್ನು ಬೇರೆ ಕುರಿ ಸುಮ್ಮನೆ ಹತ್ತಿರ ಬಿಟ್ಟುಕೊಳ್ಳುವುದಿಲ್ಲ, ಮೂಸಿ ನೋಡಿ ಒದೆಯುತ್ತದೆ. ಭರಮವ್ವ ಆ ಕುರಿಯ ಹಾಲನ್ನೇ ಹಿಂಡಿ ಮರಿಯ ಮೈಗೆಲ್ಲ ಸವರಿ, ಬೈಯುತ್ತ, ರಮಿಸುತ್ತ ಎರಡು ದಿನದಲ್ಲಿ ಒಪ್ಪಿಸಿಬಿಡುತ್ತಾಳೆ. ಮೂರನೆಯ ದಿನ ಮರಿ ಕಾಣದಿದ್ದರೆ ಅದೇ ಕುರಿ ಒದರಾಡುತ್ತದೆ.

ಈ ಜಾಣತನವೇ ಅವಳ ಬಾಯಿ ಕೆಡಿಸಿತು. ಹುಕ್ಕೇರಿಯ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ಸೊಸೆ ದೀಪಾಳಿಗೆ ಎರಡನೆಯ ಬಸಿರೂ ನಿಲ್ಲದೆ ಹೋದಾಗ, "ನಿನ್ನ ಹೊಟ್ಟಿ ಕೂಸನ್ನ ಒಪ್ಪವಲ್ದು" ಎಂದುಬಿಟ್ಟಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ದೀಪಾ ಜಗಳಕ್ಕೆ ನಿಲ್ಲಲಿಲ್ಲ. ಫೋನಿನಲ್ಲೂ ಎರಡೇ ಮಾತಿಗೆ ಮುಗಿಸತೊಡಗಿದಳು. ಸೊಸೆ ಇನ್ನು ತನ್ನವಳಾಗುವುದಿಲ್ಲ ಎಂಬ ಕೊರಗು ಭರಮವ್ವನಿಗೆ ಹತ್ತಿತು.

ಮೂರನೆಯ ಸಲ ಬಸಿರಾದ ದೀಪಾಳಿಗೆ ಆರು ತಿಂಗಳು ತುಂಬಿದಾಗ ಭರಮವ್ವ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಸ್ಸು ಹತ್ತಿ ಹುಕ್ಕೇರಿಗೆ ಬಂದಳು. ಊಟವಾದ ಮೇಲೆ ತಡೆಯಲಾರದೆ ಕೇಳಿದಳು: "ಖರೆ ಹೇಳವಾ, ಒಳಗ ಏನ ನಡದೈತಿ?"

ದೀಪಾ ಪಾಠ ಹೇಳುವಂತೆಯೇ ಹೇಳಿದಳು. "ಕೂಸಿನಾಗ ಅರ್ಧ ಅಪ್ಪಂದ ಇರತೈತ್ರಿ ಅತ್ತಿ. ನನ್ನ ಮೈ ಕಾಯೂ ಬಿಳಿ ರಕ್ತಕಣಕ್ಕ ಅದು ಹೊರಗಿಂದು. ಅದರ ಮ್ಯಾಲ ಬೀಳದಂಗ ತಡಿಯೂ ಕಣಾನೂ ಅದಾವು. ಕಣದ ಮೈಮ್ಯಾಲ ಸಕ್ಕರಿ ಎಳಿ ಇರತಾವ್ರಿ. ಆ ಸಕ್ಕರಿ ಹಿಡಕೊಳ್ಳೂ ಒಂದ ಪ್ರೋಟೀನ್ ಐತಿ, ಅದು ತಡಿಯೂ ಕಣಕ್ಕ ಬಲಾ ಕೊಡತೈತಿ. ಇಲಿಗಳಾಗ ನೋಡ್ಯಾರ, ಆ ಪ್ರೋಟೀನ್ ಇಲ್ದಿದ್ರ ಬಸಿರು ನಿಲ್ಲೂದು ಕಮ್ಮಿ. ನನಗ ಯಾಕ ಹಂಗಾತು ಅನ್ನೂದು ಡಾಕ್ಟರಿಗೂ ಗೊತ್ತಿಲ್ಲ."

"ಹಂಗಾರ ಕೂಸು ಬ್ಯಾಡಂದಾಕಿ ನೀ ಅಲ್ಲ."

"ನಾ ಯಾಕ ಬ್ಯಾಡ ಅನ್ಲಿ ಅತ್ತಿ?"

ಕುರಿ ಒದೆಯುವಾಗ ಮನಸಾರೆ ಒದೆಯುತ್ತದೆ. ಈ ಹುಡುಗಿಯ ಮನಸ್ಸನ್ನು ಒಳಗಿನ ಯಾವ ಕಣವೂ ಕೇಳಿರಲಿಲ್ಲ. ಭರಮವ್ವನಿಗೆ ನಾಚಿಕೆಯಾಯಿತು. "ನಂದ ತಪ್ಪಾತವಾ" ಎಂದಳು. ಆ ಸಂಜೆ ಅತ್ತೆ ಸೊಸೆ ಕೂಡಿ ಎರಡು ಸಲ ಚಹಾ ಕುಡಿದರು.

ದಿನ ತುಂಬಿ ಹೆಣ್ಣು ಕೂಸು ಹುಟ್ಟಿತು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬುದು ನಮ್ಮ ಕಡೆಯ ರೂಢಿ. ದೀಪಾ ತವರಿಗೆ ಹೋಗಲಿಲ್ಲ, "ನಮ್ಮತ್ತಿ ಇದ್ರ ಸಾಕು" ಎಂದಳು. ಭರಮವ್ವ ಈ ಮಾತನ್ನು ಕೌಜಲಗಿಯಲ್ಲಿ ಕೇಳಿದವರಿಗೂ ಕೇಳದವರಿಗೂ ಹೇಳುತ್ತಾಳೆ. ಮೊಮ್ಮಗಳು ಹುಟ್ಟಿದ ಸುದ್ದಿ ಅದಾದ ಮೇಲೆ ಬರುತ್ತದೆ.