ಮನೆಯವರ ಕಾರು

ನಾಡೀನ್ ಸೋಬೆಕ್ ನಮ್ಮ ಪಕ್ಕದ ಮನೆಯ ಹುಡುಗಿ. ಐದನೆಯ ಕ್ಲಾಸು. ವಯಸ್ಸಿಗೆ ಮೀರಿ ಉದ್ದ ಬೆಳೆದಿದ್ದಾಳೆ. ಅವಳ ಕೋಟಿನ ತೋಳು ಯಾವ ಚಳಿಗಾಲದಲ್ಲೂ ಮಣಿಕಟ್ಟು ಮುಟ್ಟಿದ್ದನ್ನು ನಾನು ಕಂಡಿಲ್ಲ. ಅವಳ ಅಮ್ಮ ಜೋಯ್ಸ್‌ಗೆ ವೃದ್ಧಾಶ್ರಮದಲ್ಲಿ ರಾತ್ರಿ ಪಾಳಿ, ಹಗಲೆಲ್ಲ ನಿದ್ದೆ. ಹಾಗಾಗಿ ಶಾಲೆ ಬಿಟ್ಟ ಮೇಲೆ ನಾಡೀನ್ ನಮ್ಮ ಅಡುಗೆಮನೆಯಲ್ಲೇ ಕೂತು ಲೆಕ್ಕ ಮಾಡುತ್ತಾಳೆ, ನನ್ನ ಎರಡು ವರ್ಷದ ಬೆತ್ ಚೆಲ್ಲಿದ ಹಾಲು ಒರೆಸುತ್ತಾಳೆ, ಕತ್ತಲಾದ ಮೇಲೆ ಬೇಲಿ ದಾಟಿ ಮನೆಗೆ ಹೋಗುತ್ತಾಳೆ.

ಅವಳ ಗದ್ದದ ನಡುವೆ ಬೆರಳಿಟ್ಟು ಒತ್ತಿದಂಥ ಗುಳಿಯೊಂದಿದೆ. ಅದು ಯಾರ ಗುಳಿ ಎಂದು ಊರಿಗೆಲ್ಲ ಗೊತ್ತು. ಕಲ್ಲಿದ್ದಲ ಲಾರಿ ಓಡಿಸುತ್ತಿದ್ದ ರಾನ್ ವಾಸ್ಕೋನದು. ರಾನ್ ಮದುವೆಯಾಗಿದ್ದು ಎಲೀನ್‌ಳನ್ನು. ಅವರ ಮಗ ಗ್ಯಾರೆಟ್ ನಾಡೀನಳ ಕ್ಲಾಸಿನಲ್ಲೇ ಓದುತ್ತಾನೆ, ಅವನಿಗೂ ಅದೇ ಗುಳಿ. ಈ ಮಾತನ್ನು ನಮ್ಮೂರು ಎದುರಿಗೆ ಆಡುವುದಿಲ್ಲ, ಬೆನ್ನ ಹಿಂದೆ ಬಿಡುವುದೂ ಇಲ್ಲ.

ಹೋದ ಅಕ್ಟೋಬರಿನಲ್ಲಿ ರಾನ್ ಲಾರಿಯನ್ನು ರಸ್ತೆ ಬದಿಗೆ ಹಾಕಿ, ಎದೆ ಹಿಡಿದುಕೊಂಡು, ಸ್ಟೇರಿಂಗಿನ ಮೇಲೇ ಸತ್ತ. ಜೋಯ್ಸ್ ಚರ್ಚಿಗೆ ಹೋಗುವಂತಿರಲಿಲ್ಲ. "ಹುಡುಗಿಯಾದ್ರೂ ಹೋಗ್ಲಿ, ನೀನೇ ಕರ್ಕೊಂಡು ಹೋಗು" ಎಂದು ನನಗೆ ಹೇಳಿ ಬಾಗಿಲು ಹಾಕಿಕೊಂಡಳು. ನಾನು ನಾಡೀನಳಿಗೆ ನನ್ನದೊಂದು ಕಪ್ಪು ಸ್ವೆಟರ್ ತೊಡಿಸಿ, ಹಿಂದಿನ ಬೆಂಚಿನಲ್ಲಿ ಜೊತೆಗೆ ಕೂತೆ. ಪೂಜೆ ಮುಗಿದು ಶವದ ಪೆಟ್ಟಿಗೆ ಹೊರಗೆ ಬಂತು. ಮೆಟ್ಟಿಲ ಕೆಳಗೆ, ಶವದ ಗಾಡಿಯ ಹಿಂದೆ, ಸತ್ತವರ ಮನೆಯವರು ಕೂರುವ ಉದ್ದನೆಯ ಕಪ್ಪು ಕಾರು ನಿಂತಿತ್ತು. ಊರಿನ ಶವಸಂಸ್ಕಾರಗಳನ್ನೆಲ್ಲ ನಡೆಸಿಕೊಡುವ ಮಿಸ್ಟರ್ ಪಾವ್ಲಿಕ್ ಟೊಪ್ಪಿ ಕೈಯಲ್ಲಿ ಹಿಡಿದು, ಕಾರಿನ ಬಾಗಿಲು ತೆರೆದು, ಯಾವ ಸಾವಿನಲ್ಲೂ ಹೇಳುವ ಮಾತನ್ನೇ ಹೇಳಿದರು: "ಮನೆಯವರು ಮೊದಲು."

ನಾಡೀನ್ ನನ್ನ ಕೈ ಬಿಟ್ಟು ಕೆಳಗಿಳಿದಳು. ಎಲೀನ್ ಅವಳನ್ನು ನೋಡಿದ ನೋಟ ನನಗೆ ಈಗಲೂ ನೆನಪಿದೆ. ಪಾವ್ಲಿಕ್ ಒರಟು ಮನುಷ್ಯರಲ್ಲ. ಹುಡುಗಿಯ ಹೆಗಲ ಮೇಲೆ ಕೈಯಿಟ್ಟು, "ಇದು ಮನೆಯವರ ಕಾರು ಮಗೂ. ನಿಮ್ಮದು ಹಿಂದಿದೆ ನೋಡು" ಅಂದರು.

ನಮ್ಮದು ನನ್ನ ಗಂಡ ಗ್ಲೆನ್‌ನ ಹಳೆಯ ಪಿಕಪ್. ಮೆರವಣಿಗೆಯ ಕಾರುಗಳ ಮೂತಿಗೆ ಪುಟ್ಟ ಬಾವುಟ ಸಿಕ್ಕಿಸುತ್ತಾರೆ, ನಮ್ಮ ಸರದಿ ಬರುವಷ್ಟರಲ್ಲಿ ಬಾವುಟ ಮುಗಿದಿತ್ತು. ಬಾವುಟ ಇಲ್ಲದ ಗಾಡಿಗೆ ಯಾರು ದಾರಿ ಬಿಡುತ್ತಾರೆ? ಮುಖ್ಯ ಬೀದಿಯ ಕೆಂಪು ದೀಪದ ಹತ್ತಿರ ಬ್ರೆಡ್ಡಿನ ವ್ಯಾನೊಂದು ನಡುವೆ ನುಗ್ಗಿತು, ಹಿಂದೆಯೇ ಇನ್ನೊಂದು. ನಾವು ಗುಡ್ಡದ ಸ್ಮಶಾನ ಮುಟ್ಟಿದಾಗ ಜನ ಕಾರು ಹತ್ತಿ ವಾಪಸಾಗುತ್ತಿದ್ದರು. ಇಬ್ಬರು ಆಳುಗಳು ಸಿಗರೇಟು ಸೇದುತ್ತ ಮಣ್ಣು ಎಳೆಯುತ್ತಿದ್ದರು. ನಾಡೀನ್ ಅಳಲಿಲ್ಲ. "ಆ ಕಾರಲ್ಲಿ ಹೋಗಿದ್ರೆ ಹೊತ್ತಿಗೆ ಸರಿಯಾಗಿ ಬರ್ತಿದ್ವಿ" ಎಂದಳು, ಅಷ್ಟೇ.

ಫೆಬ್ರವರಿಯಲ್ಲಿ ಶಾಲೆಗೆ ಚಾಕೊಲೇಟ್ ಕಂಪನಿಯವನು ಬಂದ. ಮಕ್ಕಳು ಮನೆಮನೆಗೆ ಹೋಗಿ ಚಾಕೊಲೇಟ್ ಮಾರುವುದು ಪ್ರತಿ ವರ್ಷದ ಪದ್ಧತಿ. ಬಂದ ಲಾಭದಲ್ಲಿ ಬ್ಯಾಂಡಿನವರಿಗೆ ಬಟ್ಟೆಯೋ, ಗ್ರಂಥಾಲಯಕ್ಕೆ ಹೊಸ ಕಾರ್ಪೆಟ್ಟೋ ಆಗುತ್ತದೆ. ಈ ವರ್ಷದವನು ಮಿನುಗುವ ಕೋಟು ಹಾಕಿಕೊಂಡು ಬಂದು ಮೈಕಿನಲ್ಲಿ ಕೂಗಿದನಂತೆ: ಎಲ್ಲರಿಗಿಂತ ಹೆಚ್ಚು ಮಾರಿದ ಆರು ಮಕ್ಕಳಿಗೆ ಉದ್ದನೆಯ ಕಾರಿನಲ್ಲಿ ಸವಾರಿ, ಪಕ್ಕದ ಊರಿನಲ್ಲಿ ಪಿಜ್ಜಾ ಊಟ! ಮಕ್ಕಳು ಬೆಂಚು ಮುರಿಯುವಂತೆ ಕಿರುಚಿದರಂತೆ.

ಉದ್ದನೆಯ ಕಾರು ಪಿಟ್ಸ್‌ಬರ್ಗಿನಿಂದ ಬರಬೇಕು, ಬಾಡಿಗೆ ಕೇಳಿದರೆ ತಲೆ ತಿರುಗುತ್ತದೆ. ತಾಯಂದಿರ ಸಂಘದ ಮುಖ್ಯಸ್ಥೆ ಮಿಸೆಸ್ ರಿಟ್ನರ್ ಬೇರೆ ಊರಿನಿಂದ ಬಂದವಳು, ಚುರುಕಿನ ಹೆಂಗಸು. ನೇರ ಪಾವ್ಲಿಕ್‌ರ ಹತ್ತಿರ ಹೋಗಿ ಪುಕ್ಕಟೆ ಕಾರು ಒಪ್ಪಿಸಿಕೊಂಡು ಬಂದಳು.

"ಅದು ಹೆಣದ ಹಿಂದೆ ಹೋಗೋ ಕಾರಲ್ವಾ!" ಎಂದೆ ನಾನು.

"ಹೆಣ ಬೇರೆ ಗಾಡಿಲಿ ಹೋಗುತ್ತೆ ಕಣ್ರೀ. ಇದರಲ್ಲಿ ಬದುಕಿರೋರೇ ಕೂರೋದು. ತೊಳೆದು ನಾಲ್ಕು ಬಲೂನು ಕಟ್ಟಿದ್ರೆ ಯಾರಿಗೆ ಗೊತ್ತಾಗುತ್ತೆ?"

ನಮ್ಮೂರಲ್ಲಿ ಯಾರಿಗೆ ಗೊತ್ತಾಗುವುದಿಲ್ಲ?

ಅಂದು ಸಂಜೆ ನಾಡೀನ್ ಚಾಕೊಲೇಟಿನ ರಟ್ಟಿನ ಡಬ್ಬ ತಂದು ನಮ್ಮ ಮೇಜಿನ ಮೇಲಿಟ್ಟಳು. "ಮಿಸೆಸ್ ಹೋಲಬ್, ನಾನು ಆರರಲ್ಲಿ ಒಬ್ಬಳಾಗ್ಬೇಕು."

"ಸ್ವಲ್ಪ ಮಾರಿದ್ರೂ ರೇಡಿಯೋ ಕೊಡ್ತಾರಂತಲ್ಲೇ. ಅದು ಚೆನ್ನಾಗಿರುತ್ತಪ್ಪ."

"ರೇಡಿಯೋ ಬೇಡ. ಆ ಕಾರು ಬೇಕು. ಅವತ್ತು ಹತ್ತಿಸ್ಲಿಲ್ವಲ್ಲ."

ಬೇಡ ಎನ್ನಬಹುದಿತ್ತು. ಅಂದರೆ ಒಬ್ಬಳೇ ಹೋಗುತ್ತಿದ್ದಳು. ಅವಳ ಕೈಗವಸಿನ ತೂತು ಹೊಲಿದೆ. ಒಬ್ಬಳೇ ಯಾರ ಮನೆಯ ಒಳಗೂ ಕಾಲಿಡಬಾರದು ಎಂದು ಮಾತು ತೆಗೆದುಕೊಂಡೆ. ಬೆತ್‌ಳನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ನಾನೂ ಹೊರಟೆ.

ಕಂಪನಿಯವನು ನಮ್ಮ ಕ್ಯಾಲೆಂಡರ್ ನೋಡಿರಲಿಲ್ಲ. ಅದು ಈಸ್ಟರ್‌ಗೆ ಮುಂಚಿನ ತಪಸ್ಸಿನ ಕಾಲ, ಇಷ್ಟದ್ದೊಂದನ್ನು ಬಿಟ್ಟಿರುವ ನಲವತ್ತು ದಿನ. ಅರ್ಧ ಊರು ಆ ದಿನಗಳಲ್ಲಿ ಬಿಡುವುದು ಚಾಕೊಲೇಟನ್ನೇ. ಬಾಗಿಲು ತೆರೆದವರೆಲ್ಲ ಒಂದೇ ರಾಗ: "ಬಿಟ್ಟಿದ್ದೀನಮ್ಮ, ಈಸ್ಟರ್ ಆದ್ಮೇಲೆ ಬಾ."

"ಈಗ ತಗೊಂಡು ಈಸ್ಟರ್‌ಗೆ ತಿನ್ನಿ," ಎನ್ನುತ್ತಿದ್ದಳು ನಾಡೀನ್. "ಎದುರಿಗೇ ಇಟ್ಕೊಂಡು ತಿನ್ನದೇ ಇದ್ರೆ ಪುಣ್ಯ ಜಾಸ್ತಿ."

ಗಣಿಯ ದೂಳು ಕುಡಿದು ಶ್ವಾಸ ಕೆಡಿಸಿಕೊಂಡ ಮುದುಕ ಮಿಸ್ಟರ್ ಕುಬಾಲ ಬಾಯಿ ತೆರೆದು ವಸಡು ತೋರಿಸಿದರು. "ಒಂದು ಹಲ್ಲಿಲ್ಲ ಕಣೇ ನಂಗೆ, ಬಾದಾಮಿ ಹಾಕಿದ ಚಾಕೊಲೇಟು ಮಾರೋಕೆ ಬಂದಿದ್ದೀಯಲ್ಲ!"

"ಚೀಪಿ, ಬಾದಾಮಿ ಉಗುಳ್ಬಿಡಿ. ಅಳಿಲಿಗಾಗುತ್ತೆ."

ಅವರು ನಗಲು ಹೋಗಿ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ತಂದುಕೊಂಡು, ಒಂದು ಕೊಂಡರು.

ಆದರೆ ಒಂದೊಂದೇ ಮಾರಿ ಆರರಲ್ಲಿ ಬರುವುದು ಎಲ್ಲಿಯ ಮಾತು? ಉಳಿದ ಮಕ್ಕಳ ಡಬ್ಬ ಅಪ್ಪ ಅಮ್ಮನ ಕೆಲಸದ ಜಾಗಕ್ಕೆ ಹೋಗುತ್ತದೆ. ಗ್ಯಾರೆಟ್‌ನ ಡಬ್ಬಗಳನ್ನು ಎಲೀನ್ ತಾನು ಕೆಲಸ ಮಾಡುವ ಆಸ್ಪತ್ರೆಯ ಕ್ಯಾಂಟೀನಿನಲ್ಲಿಟ್ಟಿದ್ದಳು, ಹುಡುಗ ಒಂದು ಬಾಗಿಲೂ ತಟ್ಟಲಿಲ್ಲ. ಜೋಯ್ಸ್‌ಳ ಕೆಲಸದ ಕಡೆ ಮುದುಕರಿಗೆಲ್ಲ ಸಕ್ಕರೆ ಕಾಯಿಲೆ. ವಾಸ್ಕೋ ಮನೆಯ ಮುಂದೆ ಬಂದಾಗ ನಾಡೀನ್ ರಸ್ತೆಯ ಆಚೆ ಬದಿಗೆ ದಾಟಿದಳು. ನಾನೂ ಗಾಡಿ ತಿರುಗಿಸಿದೆ.

ತಪಸ್ಸಿನ ಕಾಲದ ಶುಕ್ರವಾರ ಮಾಂಸ ತಿನ್ನುವಂತಿಲ್ಲ, ಹಾಗಾಗಿ ಊರಿನ ಸ್ಲೊವಾಕ್ ಕ್ಲಬ್ಬಿನಲ್ಲಿ ಕರಿದ ಮೀನಿನ ಊಟವಿರುತ್ತದೆ, ಮಕ್ಕಳು ಮರಿ ಎಲ್ಲ ಬರುತ್ತಾರೆ. ಊಟದ ಮೇಜುಗಳಲ್ಲಿ ನಾಲ್ಕೋ ಐದೋ ಮಾರಿದ ಮೇಲೆ ನಾಡೀನ್ ಬಿಯರಿನ ಕಟ್ಟೆಯ ಹತ್ತಿರ ಹೋದಳು. ಅಲ್ಲಿ ಸಾಲಾಗಿ ಕೂತವರು ಲಾರಿಯವರು. ಆಂಡಿ ಹ್ರಿಂಕೋ ತಿರುಗದೆಯೇ ಕೇಳಿದ, "ಏನಮ್ಮಾ ವ್ಯಾಪಾರ?"

"ಚಾಕೊಲೇಟು. ಒಂದು ಡಾಲರ್."

"ಶುಕ್ರವಾರ, ಅದೂ ತಪಸ್ಸಿನ ಕಾಲ! ನನ್ನನ್ನ ನರಕಕ್ಕೆ ಕಳಿಸ್ಬೇಕು ಅಂತಿದ್ದೀಯಾ?"

"ಬಿಯರ್ ಕುಡಿದ್ರೆ ಕಳಿಸಲ್ವಾ?"

ಸಾಲಿಗೆ ಸಾಲೇ ನಕ್ಕಿತು. "ಸಿಕ್ಕಿಬಿದ್ಯಲ್ಲೋ ಆಂಡಿ" ಎಂದು ಯಾರೋ ಅವನ ಬೆನ್ನಿಗೆ ಗುದ್ದಿದರು. ಆಂಡಿ ನಗುತ್ತ ತಿರುಗಿದ, ಅವಳ ಮುಖ ನೋಡಿದ, ಗದ್ದ ನೋಡಿದ. ನಗು ಅಲ್ಲಿಗೇ ನಿಂತಿತು. ಪಕ್ಕದವನು ಗ್ಲಾಸು ಕೆಳಗಿಟ್ಟ. ಅವರೆಲ್ಲ ರಾನ್ ಜೊತೆ ಲಾರಿ ಓಡಿಸಿದವರು, ಅವನ ಪೆಟ್ಟಿಗೆಗೆ ಹೆಗಲು ಕೊಟ್ಟವರು.

"ಡಬ್ಬದಲ್ಲಿರೋದೆಲ್ಲ ಇಲ್ಲಿಡಮ್ಮ," ಎಂದ ಆಂಡಿ, ನೆಲ ನೋಡಿಕೊಂಡು. "ಇನ್ನೊಂದು ಡಬ್ಬ ಇದ್ಯಾ?"

ಎಲ್ಲರೂ ಜೇಬಿಗೆ ಕೈ ಹಾಕಿದರು. ಒಬ್ಬರ ಬಾಯಲ್ಲೂ ರಾನ್ ಹೆಸರು ಬರಲಿಲ್ಲ.

ದಾರಿಯಲ್ಲಿ ಅವಳು ಕೇಳಿದಳು. "ನನ್ನ ಮುಖ ನೋಡಿ ತಗೊಂಡ್ರು, ಅಲ್ವಾ?"

ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. "ಹೂಂ ಮರಿ."

"ಸರಿ" ಎಂದಳು. ಮುಂದಿನ ಶುಕ್ರವಾರ ಹೊರಡುವ ಮುಂಚೆ ನಮ್ಮ ಕನ್ನಡಿಯ ಮುಂದೆ ನಿಂತು ಕೂದಲನ್ನು ಹಿಂದಕ್ಕೆ ಬಿಗಿಯಾಗಿ ಕಟ್ಟಿದಳು. ಹೊರಗೆ ಹಿಮ ಬೀಳುತ್ತಿತ್ತು, ಆದರೂ ಗದ್ದ ಮುಚ್ಚುವ ಮಫ್ಲರನ್ನು ಕುರ್ಚಿಯ ಮೇಲೇ ಬಿಟ್ಟಳು. ನಾನು ಅದನ್ನು ಎತ್ತಿಕೊಟ್ಟೆ. ಮಡಚಿ ಕೋಟಿನ ಜೇಬಿಗೆ ತುರುಕಿಕೊಂಡಳು. ಹತ್ತು ವರ್ಷದ ಮಗು. ಅಂದು ರಾತ್ರಿ ಬೆತ್‌ಳನ್ನು ಮಲಗಿಸುವಾಗ ಅವಳ ಗದ್ದವನ್ನು ಸುಮ್ಮನೆ ಸವರಿದೆ. ಗ್ಲೆನ್‌ನ ಗದ್ದ, ಯಾರಿಗೂ ಏನೂ ಅಲ್ಲದ ಗದ್ದ.

ನಾಡೀನ್ ಆರರಲ್ಲಿ ಒಬ್ಬಳಾದಳು. ಗ್ಯಾರೆಟ್ ಕೂಡ.

ಸವಾರಿಯ ದಿನ ಮಕ್ಕಳನ್ನು ನೋಡಿಕೊಳ್ಳಲು ನನ್ನನ್ನೂ ಕರೆದಿದ್ದರು. ಕಾರು ಶಾಲೆಯ ಮುಂದೆ ಬಂದು ನಿಂತಿತು. ಮೈಯೆಲ್ಲ ಫಳಫಳ, ಬಾಗಿಲ ಹಿಡಿಗಳಿಗೆ ಕೆಂಪು ಹಳದಿ ಬಲೂನು. ಪಾವ್ಲಿಕ್ ತಮ್ಮ ಕಪ್ಪು ಸೂಟಿನಲ್ಲೇ ಬಂದಿದ್ದರು, ಬೇರೆ ಸೂಟು ಅವರಲ್ಲಿ ಇದ್ದಂತಿಲ್ಲ. ಹುಡುಗರು ನೂಕಾಡಿಕೊಂಡು ಓಡಿದರು. ಎಲ್ಲರಿಗಿಂತ ಮುಂದೆ ಬಾಗಿಲು ಮುಟ್ಟಿದವನು ಗ್ಯಾರೆಟ್. ಒಳಗೆ ಬಗ್ಗಿ ನೋಡಿದ. ಹಿಂದಿನ ಸೀಟಿನ ಮೇಲಿನ ಹಲಗೆಯಲ್ಲಿ, ಅಳುವವರಿಗೆಂದು ಇಡುವ ಟಿಶ್ಯೂ ಕಾಗದದ ಡಬ್ಬ ಹಾಗೇ ಇತ್ತು. ಅದನ್ನು ತೆಗೆಯಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಹುಡುಗನ ಮುಖ ಬಿಳಿಚಿತು. ಬಾಗಿಲಿನ ಅಂಚು ಹಿಡಿದುಕೊಂಡು ನಿಂತೇಬಿಟ್ಟ.

"ಹತ್ತೋ!" ಎಂದು ಹಿಂದಿನವರು ತಳ್ಳಿದರು.

"ನಾನು ಬರಲ್ಲ."

"ಏನಾಯ್ತು ರಾಜಾ, ವಾಂತಿ ಬರುತ್ತಾ?" ಎಂದು ಮಿಸೆಸ್ ರಿಟ್ನರ್ ಕ್ಯಾಮೆರಾ ಹಿಡಿದುಕೊಂಡೇ ಕೇಳಿದಳು.

ಅವನ ಬೆನ್ನಿಗೇ ನಾಡೀನ್ ನಿಂತಿದ್ದಳು. ನಾನು ಬಲೂನಿನ ದಾರ ಸರಿಪಡಿಸುತ್ತ ಒಂದು ಮಾರು ದೂರದಲ್ಲಿದ್ದೆ. ಅವರಿಬ್ಬರೂ ಪರಸ್ಪರ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ಅವತ್ತು ಇಲ್ಲಿ ಕೂತಿದ್ಯಾ?" ಎಂದಳು.

"ಹೂಂ."

"ಅಪ್ಪನ ಬಗ್ಗೆ ಏನು ಮಾತಾಡಿದ್ರಿ?"

"ಅಪ್ಪನ ಬಗ್ಗೆ ಏನೂ ಇಲ್ಲ." ಅವನು ತೋಳಿನಿಂದ ಮೂಗು ಒರೆಸಿಕೊಂಡ. "ಗುಡ್ಡದವರೆಗೂ ಅಮ್ಮ ಬೈತಾನೇ ಇದ್ಳು. ನಿನ್ನ, ನಿಮ್ಮಮ್ಮನ್ನ. ಅಜ್ಜಿನೂ ಬೈತಿದ್ಳು. ನಾನು ಕಿವಿ ಮುಚ್ಕೊಂಡಿದ್ದೆ."

ನಾಡೀನ್ ಕೇಳಿದಳು, "ನನ್ನ ಹೆಸರು ಹೇಳಿದ್ರಾ?"

"ಇಲ್ಲ. 'ಆ ಹುಡುಗಿ' ಅಂದ್ರು."

ಗ್ಯಾರೆಟ್ ಜೋರಾಗಿ ಅಳಲು ಶುರುಮಾಡಿದ. ತಮ್ಮ ಕಾರಿನ ಬಾಗಿಲಲ್ಲಿ ಅಳುವ ಮಗುವನ್ನು ಕಂಡೊಡನೆ ಪಾವ್ಲಿಕ್‌ರ ಕೈ ತಾನೇ ತಾನಾಗಿ ಟೊಪ್ಪಿಗೆ ಹೋಯಿತು. ಟೊಪ್ಪಿ ತೆಗೆದು ಎದೆಗಿಟ್ಟುಕೊಂಡು, ಬಾಗಿಲನ್ನು ಇನ್ನಷ್ಟು ತೆರೆದು, ಮೆಲ್ಲಗೆ ಹೇಳಿದರು: "ಮನೆಯವರು ಮೊದಲು."

ತಾಯಂದಿರು ಕಿಸಕ್ಕನೆ ನಕ್ಕರು. "ಅಯ್ಯೋ, ಅಭ್ಯಾಸಬಲ ನೋಡಿ!" ಎಂದಳು ಮಿಸೆಸ್ ರಿಟ್ನರ್. ಪಾವ್ಲಿಕ್‌ರ ಕಿವಿ ಕೆಂಪಾಯಿತು.

ನಾಡೀನ್ ನಗಲಿಲ್ಲ. ಗ್ಯಾರೆಟ್‌ನ ಪಕ್ಕದಿಂದ ನುಸುಳಿ ಒಳಗೆ ಹತ್ತಿದಳು, ಹಿಂದಿನ ಸೀಟಿನ ನಡುಮಧ್ಯೆ ಕೂತಳು, ಕೈಗಳನ್ನು ತೊಡೆಯ ಮೇಲೆ ಜೋಡಿಸಿಕೊಂಡಳು. ಉಳಿದ ನಾಲ್ವರು ಆಮೇಲೆ ಹತ್ತಿದರು. ಗ್ಯಾರೆಟ್‌ನ ಜಾಗ ಖಾಲಿಯೇ ಉಳಿಯಿತು. ನಾನು ಅವನನ್ನು ಒಳಗೆ ಕರೆದುಕೊಂಡು ಹೋಗಿ ಮುಖ ತೊಳೆಸಿ, ಅವನ ಅಮ್ಮನಿಗೆ ಫೋನ್ ಮಾಡಿಸಿದೆ. ಎಲೀನ್ ಬಂದಳು. ಯಾಕೆ ಅತ್ತ ಎಂದು ಕೇಳಿದಳು. ಹೊಟ್ಟೆನೋವು ಎಂದ ಹುಡುಗ. ಅವನ ಗುಟ್ಟು, ನಾನೂ ತಲೆಯಾಡಿಸಿದೆ.

ಸಂಜೆ ನಾಡೀನ್ ಎಂದಿನಂತೆ ಅಡುಗೆಮನೆಗೆ ಬಂದಳು. ನಾನು ಆಲೂಗಡ್ಡೆ ಸುಲಿಯುತ್ತಿದ್ದೆ.

"ಹೇಗಿತ್ತೇ?"

"ಪಿಜ್ಜಾ ತಣ್ಣಗಾಗಿತ್ತು." ಕೋಟು ಬಿಚ್ಚಿ ಕುರ್ಚಿಗೆ ಹಾಕಿದಳು. "ಆ ಕಾರಿನ ಗಾಜು ಕಪ್ಪು. ಹೊರಗಿನವರಿಗೆ ಒಳಗಿರೋರು ಕಾಣೋದೇ ಇಲ್ಲ. ನಾನು ಬೀದಿ ತುಂಬ ಕೈ ಬೀಸ್ದೆ, ಯಾರೂ ತಿರುಗಿ ಬೀಸಲಿಲ್ಲ."

"ಬಲೂನು ನೋಡಿಯಾದ್ರೂ…"

"ಬಲೂನು ಶಾಲೆ ಗೇಟಲ್ಲೇ ಹಾರಿಹೋದ್ವು." ಬೆತ್ ಅವಳ ಮೊಣಕಾಲು ಹಿಡಿದು ನಿಂತಿತು. "ಕ್ಲಬ್ ಮುಂದೆ ಆಂಡಿ ಹ್ರಿಂಕೋ ನಿಂತಿದ್ರು. ಕಾರು ಬಂದ ತಕ್ಷಣ ಟೊಪ್ಪಿ ತೆಗೆದ್ರು. ಬ್ರೆಡ್ಡಿನ ವ್ಯಾನ್ ಪಕ್ಕಕ್ಕೆ ನಿಂತ್ಕೊಳ್ತು. ಒಬ್ಬ ಅಜ್ಜಿ ಶಿಲುಬೆ ಗುರುತು ಹಾಕ್ಕೊಂಡ್ರು. ನನ್ನನ್ನ ನೋಡಿ ಅಲ್ಲ. ಯಾರೋ ಸತ್ತಿದ್ದಾರೆ ಅಂತ."

ನಾನು ಚಾಕು ಕೆಳಗಿಟ್ಟೆ.

"ಮಿಸೆಸ್ ಹೋಲಬ್, ಅಪ್ಪನಿಗೂ ಅವತ್ತು ಹೀಗೇ ಎಲ್ರೂ ಟೊಪ್ಪಿ ತೆಗೆದಿದ್ರಾ?"

ತೆಗೆದಿದ್ದರು ಎಂದುಬಿಡಬಹುದಿತ್ತು. ಆದರೆ ಅವಳೂ ನನ್ನ ಜೊತೆ ಅದೇ ಪಿಕಪ್ಪಿನಲ್ಲಿ ಕೂತವಳು.

"ನಾವು ಕೆಂಪು ದೀಪದ ಹತ್ರ ಹಿಂದೆ ಉಳಿದ್ವಲ್ಲ ಪುಟ್ಟಿ. ನಾನೂ ನೋಡ್ಲಿಲ್ಲ."

"ಹೌದು" ಎಂದಳು ನಾಡೀನ್. ಬೆತ್‌ಳನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡಳು. ಮಗು ಅವಳ ಗದ್ದದ ಗುಳಿಯೊಳಗೆ ಬೆರಳಿಟ್ಟಿತು, ಅವಳು ತೆಗೆಸಲಿಲ್ಲ. "ತೆಗೆದಿರ್ತಾರೆ. ಒಳಗೆ ಯಾರಿದ್ರೂ ತೆಗೀತಾರೆ."

ಆಮೇಲೆ ಲೆಕ್ಕದ ಪುಸ್ತಕ ತೆಗೆದಳು. ನಾನು ಆಲೂಗಡ್ಡೆ ಒಲೆಯ ಮೇಲಿಟ್ಟೆ.