ಮಲಕಪ್ಪನವರ ಮೊದಲ ಗೆರೆ

ಪುಣೆಯ ಕೋಥರೂಡದ ನಮ್ಮ ಸಾಫ್ಟ್‌ವೇರ್ ಆಫೀಸಿಗೆ ಯಾರೇ ಸೇರಲಿ, ಅಂಕಿಗಳಿಂದ ಚಾರ್ಟ್ ಬಿಡಿಸುವ ಕೋಡ್, ಅಂದರೆ ಚಾರ್ಟ್ ಲೈಬ್ರರಿಯ ಮೊದಲ ಪಾಠ ಮಲಕಪ್ಪನವರದೇ. ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಗ್ರಾಫ್ ಹಾಳೆಯ ಮೇಲೆ ಗೆರೆ ಎಳೆದು, ತೊಂಬತ್ತೆಂಟನೇ ಇಸವಿಯಲ್ಲಿ ಆ ಕೆಲಸ ಹೋದಾಗ ನಲವತ್ತೈದರ ವಯಸ್ಸಿಗೆ ಕಂಪ್ಯೂಟರ್ ಕಲಿತವರು. ಹೊಸಬರು ಮೊದಲ ದಿನವೇ ಚಾರ್ಟಿನಲ್ಲಿ ಬಣ್ಣಬಣ್ಣದ ಕಂಬಗಳನ್ನು ನಿಲ್ಲಿಸಿದರೆ, "ದೀಪಾವಳಿ ದೂರ ಅದರಿ. ಮೊದ್ಲ ನಾಕು ಅಂಕಿ ಕೊಟ್ಟು ಒಂದ ಗೆರಿ ಎಳೀರಿ," ಎನ್ನುತ್ತಾರೆ. ಪರದೆಯ ಮೇಲೆ ಗೆರೆ ಮೂಡಿತೋ, ಇಡೀ ಆಫೀಸಿಗೆ ಚಹಾ ಹೇಳುತ್ತಾರೆ. ಅವರು ಪ್ರತಿ ಚಾರ್ಟನ್ನೂ ಗಿರಾಕಿಗಿಂತ ಮೊದಲು ಮನೆಗೆ ಒಯ್ದು ತಾಯಿಗೆ ತೋರಿಸುವುದೇಕೆಂದು ಕೇಳಿದೆ. "ನಮ್ಮವ್ವಗ ಓದಾಕ ಬರೂದಿಲ್ರಿ. ಒಮ್ಮೆ ಒಬ್ಬ ಗಿರಾಕಿಯ ಬಾಯ್ಲರ್ ಕಾವಿನ ಚಾರ್ಟ್ ನೋಡಿ, 'ಇದು ಇಲ್ಲಿಂದ ಯಾಕ ಏರಾಕತ್ತದೋ?' ಅಂದ್ಲು. ಗಿರಾಕಿಗೆ ಫೋನ್ ಮಾಡಿದೆ. ವಾಲ್ವ್ ಕೆಟ್ಟಿತ್ತು, ನಾಕು ಮಂದಿ ಜೀವ ಉಳೀತು," ಎಂದು ಎದೆಯುಬ್ಬಿಸಿದರು. "ಆಕಿಗೆ ತಿಳೀಲಾರದ ಚಾರ್ಟ್ ನಾ ಯಾರಿಗೂ ಕೊಡೂದಿಲ್ರಿ."