ಉಚ್ಚಂಗೆಪ್ಪ ಕಂಡ ಇಟಲಿ ಊಟ

ಜಗಳೂರಿನ ಉಚ್ಚಂಗೆಪ್ಪ ಇಂಗ್ಲೀಷರ ಸೈನ್ಯದ ಪಟಾಲಮ್ಮಿನಲ್ಲಿ ಐದು ವರ್ಷ ಅಡುಗೆ ಮಾಡಿ, ಮಹಾಯುದ್ಧ ಮುಗಿದ ಮೇಲೆ ೧೯೪೬ರ ಬೇಸಿಗೆಯಲ್ಲಿ ಊರಿಗೆ ಮರಳಿದ. ಹೋಟೆಲಿನ ಮುಂದಿನ ಕಟ್ಟೆಯಲ್ಲಿ ಅವನಿಗೆ ದಿನವೂ ಪುಕ್ಕಟೆ ಚಹಾ ಸಿಗುತ್ತಿತ್ತು. ಜನ ಕೇಳುತ್ತಿದ್ದದ್ದು ಯುದ್ಧದ ಸುದ್ದಿಯಲ್ಲ, ಊಟದ ಸುದ್ದಿ. ಊರಿನಲ್ಲಿ ಕಾಳಿಗೂ ರೇಷನ್ ಬಂದಿದ್ದ ಕಾಲ ಅದು.

"ಯಾವ ದೇಶದ ಊಟ ಚಲೋ ಐತಪ್ಪ?" ಎಂದು ಒಂದು ಬೆಳಿಗ್ಗೆ ದರ್ಜಿ ರಂಗಣ್ಣ ಕೇಳಿದ.

"ಈಜಿಪ್ಟಿನ ರೊಟ್ಟಿ ಪೂರಿಯಂಗೆ ಉಬ್ಬಿರ್ತೈತೆ. ಇಂಗ್ಲೀಷರ ಡಬ್ಬಿ ಮಾಂಸಕ್ಕೆ ಉಪ್ಪೊಂದೇ ಗೊತ್ತು, ಖಾರ ಗೊತ್ತಿಲ್ಲ. ಇಟಲಿಯೋರು ಶಾವಿಗೇನ ದಪ್ಪಕ್ಕೆ ಹೊಸೆದು ಟಮಾಟೆ ಗೊಜ್ಜಿನಾಗೆ ಕಲಸ್ತಾರೆ. ಅದರ ಮುಂದೆ ಯಾವುದೂ ಇಲ್ಲ ಬಿಡು," ಎಂದ ಉಚ್ಚಂಗೆಪ್ಪ. ಕಟ್ಟೆಯ ಮೇಲಿದ್ದವರೆಲ್ಲ ಉಗುಳು ನುಂಗಿದರು.

ಅದೇ ಗುಂಗಿನಲ್ಲಿ ಮಧ್ಯಾಹ್ನ ಊಟಕ್ಕೆ ಕುಳಿತ. ಹೆಂಡತಿ ಕೆಂಪಕ್ಕ ಇಟ್ಟಿದ್ದು ಕಂಟ್ರೋಲ್ ಅಂಗಡಿಯ ಮುಗ್ಗಲು ಜೋಳದ ರೊಟ್ಟಿ. ಒಂದು ತುತ್ತು ಮುರಿದು ಬಾಯಿಗಿಟ್ಟವನು ತಟ್ಟೆಯನ್ನು ಆಚೆ ಸರಿಸಿದ.

"ಇದನ್ನ ಆ ದೇಶದಾಗೆ ಕತ್ತೆಗೂ ಹಾಕಲ್ಲ."

ಕೆಂಪಕ್ಕ ತಟ್ಟೆಯನ್ನು ಅತ್ತೆಯ ಮುಂದಿಟ್ಟಳು. ಅವನ ತಾಯಿ ಕೊಲ್ಲಾಪುರಮ್ಮ ಮಗ ಬಿಟ್ಟ ರೊಟ್ಟಿಯನ್ನು ನೀರಿನಲ್ಲಿ ನೆನೆಸಿ ತಿಂದು, ಕೊನೆಗೆ ತಟ್ಟೆಯ ಅಂಚನ್ನು ಬೆರಳಿನಿಂದ ಬಳಿದು ನೆಕ್ಕಿದಳು. ತನ್ನ ಪಾಲನ್ನು ಅವಳು ಬೆಳಿಗ್ಗೆಯೇ ಮಗನಿಗೆಂದು ತೆಗೆದಿಟ್ಟಿದ್ದಳೆಂದು ಉಚ್ಚಂಗೆಪ್ಪನಿಗೆ ಆಗ ಹೊಳೆಯಿತು.

ಹಾಗೆಯೇ ಬೆರಳಿನಿಂದ ಬಳಿದವಳೊಬ್ಬಳನ್ನು ಅವನು ಇಟಲಿಯಲ್ಲಿ ಕಂಡಿದ್ದ. ಹಿತ್ತಲಿಗೆ ಹೋಗಿ ಬಹಳ ಹೊತ್ತು ಕುಳಿತ. ಕೆಂಪಕ್ಕ ನೀರು ತಂದುಕೊಟ್ಟಾಗ, ತಲೆ ತಗ್ಗಿಸಿಕೊಂಡೇ ಹೇಳಿದ:

"ಇಟಲಿ ಊಟ ನಾನು ಉಂಡೇ ಇಲ್ಲ ಕಣೆ. ಬಾಗಿಲು ಹಾಕಿದ್ದ ಒಂದು ಹೋಟೆಲಿನ ಗೋಡೆ ಮೇಲೆ ಚಿತ್ರ ನೋಡಿದ್ದೆ, ಅಷ್ಟೆ. ಅಲ್ಲಿ ಜನಕ್ಕೆ ಉಣ್ಣಾಕೆ ಇರಲಿಲ್ಲ. ಒಬ್ಬಾಕೆ ದಿನಾ ನಮ್ಮ ಪಟಾಲಮ್ಮಿನ ತಂತಿ ಬೇಲಿ ಹತ್ರ ಡಬ್ಬಿ ಹಿಡ್ಕೊಂಡು ನಿಂತಿರೋಳು. ನಾವು ಉಂಡು ಉಳಿದ ಅನ್ನಾನ ಹೊರಗಿನೋರು ತಿನ್ನದಂಗೆ ಸೀಮೆಎಣ್ಣೆ ಸುರೀಬೇಕು ಅಂತ ಹುಕುಂ ಇತ್ತು. ಬೇಲಿ ಪಕ್ಕ ಚೆಲ್ಲಿ, ಎಣ್ಣೆ ಸುರಿದೆ. ಆಕೆ ಬೇಲಿ ಸಂದಿಯಿಂದ ಕೈ ಹಾಕಿ, ಆ ಅನ್ನಾನೇ ಬಳ್ಕೊಂಡು ಮೂಸಿ ನೋಡಿದ್ಲು."

"ಉಂಡ್ಲಾ?"

"ನೋಡಾಕಾಗಲಿಲ್ಲ. ಒಳಗೆ ಹೋದೆ."

ಕೆಂಪಕ್ಕ ಅವನ ಪಕ್ಕದಲ್ಲಿ ಕುಳಿತಳು. "ಸಾಹೇಬ್ರು ಅಲ್ಲೇ ನಿಂತಿದ್ರಾ?"

ಉಚ್ಚಂಗೆಪ್ಪ ನೀರಿನ ಚೊಂಬನ್ನು ಕೆಳಗಿಟ್ಟ. "ಇಲ್ಲ," ಎಂದ. "ಯಾರೂ ಇರಲಿಲ್ಲ. ಒಂದು ಸೌಟು ಆಕೆ ಡಬ್ಬಿಗೆ ಹಾಕಿದ್ರೆ ಕೇಳೋರಿರಲಿಲ್ಲ."

ಅವಳು ಎದ್ದು ಒಳಗೆ ಹೋದಳು.

ಮಾರನೆಯ ದಿನದಿಂದ ಉಚ್ಚಂಗೆಪ್ಪ ಕಟ್ಟೆಯ ಕಡೆ ಸುಳಿಯಲಿಲ್ಲ. ಊರ ಹಿರಿಯರು ಆ ತಿಂಗಳು ಗಂಜಿ ಕೇಂದ್ರ ತೆರೆದಾಗ, ತಾನಾಗಿ ಹೋಗಿ ಒಲೆಯ ಮುಂದೆ ನಿಂತ. ಅವನ ಗಂಜಿಗೆ ಹದವಾದ ಉಪ್ಪಿರುತ್ತದೆಂದು ಜನ ಹೊಗಳುತ್ತಿದ್ದರು. ಹೊಗಳಿದಾಗಲೆಲ್ಲ ಅವನ ಮುಖ ಇನ್ನಷ್ಟು ಸಣ್ಣದಾಗುತ್ತಿತ್ತು. ಬಡಿಸುವ ಕೆಲಸವನ್ನು ಮಾತ್ರ ಅವನು ಕೊನೆಯವರೆಗೂ ಒಪ್ಪಿಕೊಳ್ಳಲಿಲ್ಲ. ಸೌಟನ್ನು ಬೇರೆಯವರ ಕೈಗೆ ಕೊಟ್ಟು, ಸಾಲಿಗೆ ಬೆನ್ನು ಮಾಡಿ ಸೌದೆ ಒಡೆಯುತ್ತಿದ್ದ.